ಎಸೆತದ ಸಹಜಧರ್ಮ

ಕೊಳ್ಳೇಗಾಲದಿಂದ ಹನೂರಿನ ಮೇಲೆ ಹಾದು, ಮಲೆಯ ಮಹದೇಶ್ವರನ ಬೆಟ್ಟಸಾಲುಗಳ ಮಗ್ಗುಲಿಗೆ ಬಂದಾಗ ದೊರೆಯುವ ರಾಮಾಪುರದ ಸೀಮೆಯಲ್ಲಿ, ಕಲ್ಲೆಸೆಯಲು ಬಾರದ ಹುಡುಗನು ಅಪರೂಪ. ಸುತ್ತಲೂ ಕಾಡು, ಕಾಡಿನ ನಡುನಡುವೆ ಮಳೆಯನ್ನೇ ನೆಚ್ಚಿದ ರಾಗಿಯ ಮತ್ತು ಮುಸುಕಿನ ಜೋಳದ ಹೊಲಗಳು. ತೆನೆ ಹಾಲುಗಟ್ಟಿತೆಂದರೆ ಹಗಲಲ್ಲಿ ಗಿಳಿಗಳ ಹಿಂಡು, ಇರುಳಲ್ಲಿ ಹಂದಿ ಆನೆಗಳ ಭಯ. ಇಂಥ ನೆಲದಲ್ಲಿ ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವುದು, ಕವಣೆ ಬೀಸುವುದು, ದಾರಿತಪ್ಪಿದ ದನದ ಮುಂದಕ್ಕೆ ಕಲ್ಲು ಬೀಳಿಸಿ ಅದನ್ನು ದೊಡ್ಡಿಯ ಕಡೆಗೆ ತಿರುಗಿಸುವುದು, ಎತ್ತರದ ಕೊಂಬೆಯಿಂದ ಹುಣಿಸೆಯ ಕಾಯಿ ಕೆಡಹುವುದು, ಇವೆಲ್ಲ ಯಾವ ಪಾಠಪಟ್ಟಿಯಲ್ಲಿಯೂ ಸೇರದ, ಯಾವ ಗುರುವೂ ಉಪದೇಶಿಸದ, ಆದರೂ ತಲೆಮಾರಿನಿಂದ ತಲೆಮಾರಿಗೆ ಅಳಿಯದೆ ಬಂದ ವಿದ್ಯೆಗಳು. ಅದೇ ಹುಡುಗನು ಪ್ರೌಢಶಾಲೆಯ ಬಯಲಿಗೆ ಬಂದು ಚೆಂಡು ಹಿಡಿದನೆಂದರೆ, ಒಬ್ಬರು ‘ಹಾಗಲ್ಲವಯ್ಯ, ಹೀಗೆ’ ಎಂದು ಅವನ ಮೊಣಕೈಯನ್ನು ಎತ್ತಿ ನಿಲ್ಲಿಸುತ್ತಾರೆ. ಬದಿಯಲ್ಲಿ ನಿಂತ ಮತ್ತೊಬ್ಬರು ‘ಬುಡಿ ಮೇಷ್ಟ್ರೇ, ಅವನ ಕೈ ಅವನ್ಗೆ ಗೊತ್ತು’ ಎನ್ನುತ್ತಾರೆ. ಈ ಎರಡು ಮಾತುಗಳ ನಡುವಣ ವಿವಾದವು ಆಟದ ಬಯಲಿನೊಳಗೆ ಮುಗಿಯತಕ್ಕದ್ದಲ್ಲ. ಮನುಷ್ಯನಲ್ಲಿ ಸಹಜವೆಂಬುದು ಹುಟ್ಟಿನೊಡನೆ ಬಂದುದೋ, ಸಾಧನೆಯಿಂದ ಸಂಪಾದಿತವಾದುದೋ, ಸ್ವಭಾವದ ಮೇಲೆ ಶಿಕ್ಷಣಕ್ಕೆ ಎಷ್ಟರ ಮಟ್ಟಿಗೆ ಅಧಿಕಾರವುಂಟು ಎಂಬ ಪುರಾತನ ಪ್ರಶ್ನೆಯೇ ಇಲ್ಲಿ ಒಬ್ಬ ಹುಡುಗನ ತೋಳಿನ ರೂಪದಲ್ಲಿ ಬಂದು ನಿಂತಿದೆ.

ನಮ್ಮ ಶಾಸ್ತ್ರಕಾರರ ಪದ್ಧತಿಯಂತೆ ಮೊದಲು ಸ್ವಭಾವವಾದಿಯ ಪಕ್ಷವನ್ನು ಕೇಳೋಣ. ಎಸೆತವು ಮಾನವಜಾತಿಯ ದೇಹದಲ್ಲಿಯೇ ಬರೆದಿರುವ ವಿದ್ಯೆ ಎಂದು ಅವನು ಹೇಳುತ್ತಾನೆ. ಆ ಮಾತಿಗೆ ಪ್ರಮಾಣವೂ ಉಂಟು. ನೀಲ್ ರೋಚ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ತೋಳನ್ನು ಹಿಂದಕ್ಕೆ ಸೆಳೆದಾಗ ಭುಜದ ಸ್ನಾಯುಬಂಧಗಳು ಬಿಗಿದು ಶಕ್ತಿಯನ್ನು ಸಂಚಯಿಸಿಕೊಳ್ಳುತ್ತವೆ. ಮುಂದಿನ ಕ್ಷಣದಲ್ಲಿ ಆ ಶಕ್ತಿಯು ಒಮ್ಮೆಲೇ ವಿಮೋಚನೆಗೊಂಡು ತೋಳನ್ನು ಚಿಮ್ಮಿಸುತ್ತದೆ. ಸೊಂಟದ ತಿರುಗುವಿಕೆ, ಭುಜದ ಇಳಿವು, ಮೇಲ್ತೋಳಿನ ಮೂಳೆಯ ತಿರುಚು, ಈ ಮೂರೂ ಸೇರಿದ ಶರೀರರಚನೆಯು ಸುಮಾರು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಹೋಮೋ ಎರೆಕ್ಟಸ್ ಎಂಬ ಪೂರ್ವಜನ ಕಾಲಕ್ಕೆ ಸಿದ್ಧವಾಗಿತ್ತೆಂದು ಅವರ ನಿರ್ಣಯ. ಬಲದಲ್ಲಿ ಮನುಷ್ಯನನ್ನು ಮೀರಿಸುವ ಚಿಂಪಾಂಜಿಯು ಎಸೆತದಲ್ಲಿ ಹನ್ನೆರಡು ವರ್ಷದ ಬಾಲಕನ ವೇಗದ ಮೂರರಲ್ಲೊಂದು ಪಾಲನ್ನೂ ಕಷ್ಟದಿಂದ ಮುಟ್ಟುತ್ತದೆ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನ, ಅಂದರೆ ಅವರು ಪಿಚರ್ ಎಂದು ಕರೆಯುವವನ, ತೋಳು ಸೆಕೆಂಡಿಗೆ 7000 ಡಿಗ್ರಿಗೂ ಮಿಕ್ಕ ವೇಗದಲ್ಲಿ ಒಳಕ್ಕೆ ತಿರುಗುವುದೆಂದು ಅಳೆದಿದ್ದಾರೆ. ಮನುಷ್ಯದೇಹವು ಮಾಡಬಲ್ಲ ಚಲನೆಗಳಲ್ಲಿ ಇದಕ್ಕಿಂತ ಶೀಘ್ರವಾದುದು ಬೇರೊಂದಿಲ್ಲವೆನ್ನುತ್ತಾರೆ. ಇಷ್ಟನ್ನು ಪ್ರಕೃತಿಯೇ ಕೊಟ್ಟಿರುವಲ್ಲಿ, ಮೊಣಕೈ ಇಷ್ಟಿರಲಿ ಮಣಿಕಟ್ಟು ಅಷ್ಟಿರಲಿ ಎಂದು ಅಡ್ಡಬರಲು ಉಪಾಧ್ಯಾಯನಾರು? ಪ್ರಕೃತಿಯ ಬಲದ ಮುಂದೆ ನಿಗ್ರಹದ ಬಲವು ನಿಲ್ಲದೆಂಬ ಅಭಿಪ್ರಾಯವು ಗೀತೆಯ ಮೂರನೆಯ ಅಧ್ಯಾಯದಲ್ಲಿಯೇ ಇದೆಯಲ್ಲವೆ?

ಸಂಸ್ಕಾರವಾದಿಯು ಇದಕ್ಕೆ ಸುಮ್ಮನಾಗುವವನಲ್ಲ. ಅದೇ ಗೀತೆಯ ಆರನೆಯ ಅಧ್ಯಾಯದಲ್ಲಿ, ಚಂಚಲವಾದ ಮನಸ್ಸನ್ನು ಹಿಡಿಯುವುದು ದುಷ್ಕರವೆಂದು ಅರ್ಜುನನು ಹೇಳಿದಾಗ ಅಭ್ಯಾಸವನ್ನೂ ವೈರಾಗ್ಯವನ್ನೂ ಭಗವಂತನು ಬೋಧಿಸಿದನೆಂಬುದನ್ನು ಅವನು ನೆನಪಿಸುತ್ತಾನೆ. ಎಸೆತವು ಶಿಶುವಿಗೆ ಸಿದ್ಧವಾಗಿ ಬರುವುದಿಲ್ಲ. 1938ರಲ್ಲಿ ಮೋನಿಕಾ ವೈಲ್ಡ್ ಎಂಬ ವಿದುಷಿ ಮಕ್ಕಳ ಎಸೆತವನ್ನು ಪರಿಶೀಲಿಸಿ ಅದರಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದಳು: ಎರಡು ಮೂರು ವರ್ಷದ ಮಗು ಕಾಲು ಕದಲಿಸದೆ ಎದುರುಮುಖವಾಗಿ ನಿಂತು ತೋಳನ್ನಷ್ಟೇ ಆಡಿಸುತ್ತದೆ, ಆ ಬಳಿಕ ಮೈ ತಿರುಗಲು ಕಲಿಯುತ್ತದೆ, ಅನಂತರ ಹೆಜ್ಜೆ ಸೇರುತ್ತದೆ, ಆದರೆ ಬಲಗೈಯಿಂದ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತದೆ, ಆರೂವರೆ ವರ್ಷದ ಸುಮಾರಿಗೆ ವಿರುದ್ಧಪಾದವನ್ನು ಮುಂದಿಟ್ಟು, ಸೊಂಟ ಮೊದಲು, ಎದೆ ಆಮೇಲೆ, ತೋಳು ಕಡೆಗೆ ಎಂಬ ಕ್ರಮಕ್ಕೆ ಬರುತ್ತದೆ. ಕಂಡು ಮಾಡುವ ಅವಕಾಶವಿಲ್ಲದವರು ದೊಡ್ಡವರಾದರೂ ಮೊದಲ ಹಂತಗಳಲ್ಲಿಯೇ ಉಳಿದುಬಿಡುವುದುಂಟು. ರಾಮಾಪುರದ ಹುಡುಗನು ಯಾರಿಂದಲೂ ಕಲಿಯಲಿಲ್ಲವೆಂದರೆ, ಹೇಳಿಸಿಕೊಂಡು ಕಲಿಯಲಿಲ್ಲವೆಂದಷ್ಟೇ ಅರ್ಥ. ಅಪ್ಪನನ್ನೂ ಅಣ್ಣನನ್ನೂ ನೋಡಿ, ಸಾವಿರ ಕಲ್ಲು ವ್ಯರ್ಥಮಾಡಿ ಕಲಿತನು.

ಈ ವಾದಕ್ಕೆ ಮಹದೇಶ್ವರನ ದೀಕ್ಷೆ ಪಡೆದ ಭಕ್ತರಾದ ಗುಡ್ಡರಿಂದಲೇ ಮತ್ತೊಂದು ಸಾಕ್ಷ್ಯ ದೊರೆಯುತ್ತದೆ. ಅವರ ಬೀಸು ಕಂಸಾಳೆಯ ಕುಣಿತವನ್ನು ಬಲ್ಲವರಿಗೆ ಅದು ತೋಳಿನ ಎಂಥ ವಿದ್ಯೆಯೆಂಬುದು ಗೊತ್ತು: ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರದ ತುದಿಗೆ ತೂಗುವ ಚಪ್ಪಟೆಯ ತಾಳ, ಅದು ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಬೀಸಿ ಬಂದು, ಪಕ್ಕದವನ ತಾಳವನ್ನೂ ಮುಟ್ಟಿ, ಪದದ ಲಯ ಒಂದಿಷ್ಟೂ ತಪ್ಪದಂತೆ ತನ್ನ ಬಟ್ಟಲಿಗೆ ಬಂದು ಬಡಿಯಬೇಕು. ನೋಡುವವನಿಗೆ ಆ ಬೀಸಿಗಿಂತ ಸಹಜವಾದುದು ಇನ್ನಿಲ್ಲವೆನಿಸುವುದು. ಆದರೆ ಅದರ ಹಿಂದೆ ಗುರುವುಂಟು, ದೀಕ್ಷೆಯುಂಟು, ವರ್ಷಗಳ ಅನುಸರಣೆಯುಂಟು. ಕೃತಕವಾಗಿ ಆರಂಭವಾದುದು ಸಹಜವಾಗಿ ಪರ್ಯವಸಾನಗೊಳ್ಳುವುದೇ ಶಿಕ್ಷಣವೆಂದು ಸಂಸ್ಕಾರವಾದಿಯ ಸಿದ್ಧಾಂತ.

ಈ ಎರಡು ಪಕ್ಷಗಳನ್ನೂ ಏಕಕಾಲದಲ್ಲಿ ತಬ್ಬಿಬ್ಬುಗೊಳಿಸುವ ನಿದರ್ಶನವೊಂದು ನಮ್ಮ ಮೈಸೂರಿನಲ್ಲಿಯೇ ಹುಟ್ಟಿತು. 1945ರಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರರ ಬಲತೋಳು ಎಳವೆಯಲ್ಲಿಯೇ ಪೋಲಿಯೋ ರೋಗಕ್ಕೆ ತುತ್ತಾಗಿ ಕೃಶವಾಯಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಹಿಂದಕ್ಕೆಸೆಯಲು ಅವರು ಎಡಗೈಯನ್ನು ಉಪಯೋಗಿಸುತ್ತಿದ್ದರು; ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಿಂದಲೇ. ಆ ತೋಳಿನಿಂದ ಅವರು 58 ಟೆಸ್ಟ್ ಪಂದ್ಯಗಳಲ್ಲಿ 242 ವಿಕೆಟುಗಳನ್ನು ಪಡೆದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ ಆರು ಮಂದಿಯನ್ನು ಕೆಡಹಿ, ಇಂಗ್ಲೆಂಡಿನ ನೆಲದಲ್ಲಿ ಭಾರತದ ಪ್ರಥಮ ಸರಣಿವಿಜಯಕ್ಕೆ ಕಾರಣರಾದರು. ಇದು ಸ್ವಭಾವವೆ? ಹಾಗೆಂದರೆ, ಪ್ರಕೃತಿಯು ಇಪ್ಪತ್ತು ಲಕ್ಷ ವರ್ಷಗಳಿಂದ ರೂಪಿಸಿದ ಸಾಮಾನ್ಯವಾದ ತೋಳು ಅದಾಗಿರಲಿಲ್ಲ. ಸಂಸ್ಕಾರವೆ? ಹಾಗೆಂದರೆ, ಆ ತೋಳಿಗೆ ಇಂಥ ಬೀಸು ಒಪ್ಪುವುದೆಂದು ಮೊದಲೇ ಹೇಳಬಲ್ಲ ಶಿಕ್ಷಣಶಾಸ್ತ್ರವು ಎಲ್ಲಿಯೂ ಇರಲಿಲ್ಲ. ಸಹಜವೆಂಬುದು ಜಾತಿಸಾಮಾನ್ಯವಾದ ಒಂದು ಅಚ್ಚಲ್ಲ, ಪ್ರತಿಯೊಂದು ದೇಹಕ್ಕೂ ತನ್ನದೇ ಆದ ಸ್ವಧರ್ಮವೊಂದಿದೆ ಎಂದು ಇದರಿಂದ ತಿಳಿಯಬೇಕಾಗಿದೆ. ಆಟದ ನಿಯಮಗಳಾದರೂ ಪ್ರಕೃತಿಯ ಶಾಸನಗಳಲ್ಲ: ಭುಜದ ಮೇಲಿನಿಂದ ತೋಳು ಬೀಸಿ ಬೌಲ್ ಮಾಡುವುದು 1864ರವರೆಗೆ ಕ್ರಿಕೆಟ್ಟಿನಲ್ಲಿ ನಿಷಿದ್ಧವಾಗಿತ್ತು, ಇಂದು ಅದೇ ವಿಹಿತವಾಗಿ, ಮೊಣಕೈಯು 15 ಡಿಗ್ರಿಗಿಂತ ಹೆಚ್ಚಾಗಿ ನೆಟ್ಟಗಾಗುವುದು ನಿಷಿದ್ಧವಾಗಿದೆ. ಕಲ್ಲೆಸೆಯುವ ಹುಡುಗನು ಮೊಣಕೈ ಮಡಿಸಿ ಬಿಡಿಸುವುದು ಬೇಸ್‌ಬಾಲಿನಲ್ಲಿ ಗುಣ, ಕ್ರಿಕೆಟ್ಟಿನ ಬೌಲಿಂಗಿನಲ್ಲಿ ದೋಷ.

ಆದರೆ ವಿವಾದದ ಬುಡವನ್ನೇ ಅಲುಗಿಸುವ ಸಂಗತಿ ಮೂಳೆಯೊಳಗಿದೆ. ಹುಟ್ಟುವಾಗ ಪ್ರತಿಯೊಂದು ಶಿಶುವಿನ ಮೇಲ್ತೋಳಿನ ಮೂಳೆಯೂ ಹಿಂದಕ್ಕೆ ಹೆಚ್ಚಾಗಿ ತಿರುಚಿಕೊಂಡಿರುತ್ತದೆ. ಬೆಳೆಯುತ್ತ ಹೋದಂತೆ ಆ ತಿರುಚು ಕ್ರಮೇಣ ಬಿಚ್ಚಿಕೊಳ್ಳುತ್ತದೆ. ಬಾಲ್ಯದಿಂದ ಎಸೆಯುತ್ತ ಬಂದವರಲ್ಲಿ ಮಾತ್ರ, ಎಸೆಯುವ ತೋಳಿನಲ್ಲಿ ಅದು ಅಷ್ಟಾಗಿ ಬಿಚ್ಚಿಕೊಳ್ಳದೆ ಉಳಿಯುತ್ತದೆ. ಅದರ ಫಲವಾಗಿಯೇ ಆ ತೋಳು ಹಿಂದಕ್ಕೆ ಹೆಚ್ಚು ಬಾಗಬಲ್ಲುದು. ಇದನ್ನು ಏನೆಂದು ಕರೆಯೋಣ? ಅಭ್ಯಾಸವು ಇಲ್ಲಿ ಹೊಸದೊಂದನ್ನು ಸೇರಿಸಲಿಲ್ಲ. ಜನ್ಮವು ಕೊಟ್ಟು ಕಾಲವು ಹಿಂತೆಗೆದುಕೊಳ್ಳಲಿದ್ದುದನ್ನು ಉಳಿಸಿಕೊಂಡಿತು. ಸ್ವಭಾವವು ಸಾಧನೆಯಿಲ್ಲದೆ ನಿಲ್ಲಲಿಲ್ಲ. ಸಾಧನೆಯು ಸ್ವಭಾವವಿಲ್ಲದೆ ಹುಟ್ಟಲಿಲ್ಲ. ಮೂಳೆಯ ತುದಿಯ ಬೆಳವಣಿಗೆಯ ಪದರವು ಒಮ್ಮೆ ಗಟ್ಟಿಯಾಗಿ ಮುಚ್ಚಿಕೊಂಡ ಮೇಲೆ ಈ ವ್ಯವಹಾರವೂ ಮುಗಿಯಿತು. ಆದುದರಿಂದ ಸ್ವಭಾವವೆಂಬುದು ಪೂರ್ಣವಾಗಿ ಸಿದ್ಧವಾಗಿ ಬಂದ ವಸ್ತುವಲ್ಲ; ಬಾಲ್ಯದಲ್ಲಿ ಅದು ಇನ್ನೂ ನಿರ್ಮಾಣದಲ್ಲಿರುತ್ತದೆ. ಪೂರ್ವಸಂಸ್ಕಾರಗಳೇ ನೆಲೆಗೊಂಡು ಸ್ವಭಾವವಾಗುತ್ತವೆಂದು ನಮ್ಮ ಹಿರಿಯರು ಹೇಳುತ್ತ ಬಂದುದಕ್ಕೆ, ಹುಡುಗನ ತೋಳಿನ ಮೂಳೆಯು ಈ ಜನ್ಮದೊಳಗೇ ದೃಷ್ಟಾಂತವನ್ನು ಒದಗಿಸುತ್ತದೆ.

ಹಾಗಾದರೆ ಗುರುವಿಗೆ ಉಳಿದ ಕೆಲಸವೇನು? ಪತಂಜಲಿಯ ಯೋಗಸೂತ್ರದ ನಾಲ್ಕನೆಯ ಪಾದದಲ್ಲಿ ಇದಕ್ಕೆ ಉತ್ತರವಿದೆಯೆಂದು ನನ್ನ ನಂಬಿಕೆ. ನಿಮಿತ್ತಕಾರಣವು ಪ್ರಕೃತಿಯನ್ನು ಪ್ರೇರಿಸಿ ನಡೆಸುವುದಿಲ್ಲ, ಅದಕ್ಕಿರುವ ತಡೆಯನ್ನು ಮಾತ್ರ ಭೇದಿಸುತ್ತದೆಂದು ಅಲ್ಲಿ ನಿರೂಪಿಸಿ, ರೈತನ ದೃಷ್ಟಾಂತವನ್ನು ಕೊಡಲಾಗಿದೆ. ಇದೇ ಸೀಮೆಯ ಉಡುತೊರೆಹಳ್ಳದ ಕಡೆಯ ರೈತನಿಗೆ ಇದನ್ನು ವ್ಯಾಖ್ಯಾನಿಸಬೇಕಾಗಿಲ್ಲ: ಮೇಲಿನ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಅವನು ಹೊತ್ತು ಹಾಕುವುದಿಲ್ಲ, ಬದುವಿನ ಬಾಯಿ ಬಿಡಿಸುತ್ತಾನೆ, ಇಳಿಯುವುದು ನೀರಿನ ಸ್ವಂತ ಧರ್ಮ. ಎಸೆತ ಕಲಿಸುವವನ ಕರ್ತವ್ಯವೂ ಇಂಥದೇ. ಹುಡುಗನ ಎಸೆತಕ್ಕೆ ಅಡ್ಡಬರುವ ತಡೆಗಳು ಹಲವು: ದೊಡ್ಡವರ ಕೈಗೆ ತಕ್ಕ ಭಾರದ ಚೆಂಡನ್ನು ಚಿಕ್ಕ ಕೈಗೆ ಕೊಡುವುದು; ಚಿತ್ರದಲ್ಲಿ ಕಂಡ ಪ್ರಸಿದ್ಧ ಆಟಗಾರನನ್ನು ಅಂಗಾಂಗವಾಗಿ ಅನುಕರಿಸುವುದು; ತಪ್ಪಿದರೆ ಬೈಗುಳ ಬರುವುದೆಂಬ ಭಯದಿಂದ ಭುಜವನ್ನು ಕಿವಿಗೆ ಬಿಗಿದುಕೊಳ್ಳುವುದು; ಕಾಲು ಸೊಂಟಗಳು ಮಾಡಬೇಕಾದುದನ್ನು ದಣಿವಿನ ವೇಳೆ ತೋಳೊಂದರಿಂದಲೇ ಮಾಡಿಸುವುದು. ಈ ತಡೆಗಳನ್ನು ತೆಗೆದವನು ಅರ್ಧ ಕಲಿಸಿದಂತೆಯೇ ಸರಿ. ಪ್ರಯತ್ನವು ಸಡಿಲಗೊಂಡಾಗಲೇ ಆಸನವು ಸಿದ್ಧಿಸುವುದೆಂದು ಹೇಳಿದವನೂ ಆ ಪತಂಜಲಿಯೇ.

ಇಷ್ಟಾದರೂ ಪ್ರಶ್ನೆಯ ಗುರುತರವಾದ ಭಾಗವನ್ನು ನಾವು ಇನ್ನೂ ಮುಟ್ಟಿಲ್ಲ. ಸಹಜವಾದ ಎಸೆತವನ್ನು ಹುಡುಕುವವರೆಲ್ಲರೂ ಅದನ್ನು ಚಲನೆಯ ಆಕಾರದಲ್ಲಿಯೇ ಹುಡುಕುತ್ತಾರೆ. ಮೊಣಕೈಯ ಎತ್ತರ, ಹೆಜ್ಜೆಯ ಉದ್ದ, ಬೆರಳಿನ ಹಿಡಿತಗಳನ್ನು ಕುರಿತು ಚರ್ಚಿಸುತ್ತಾರೆ. ಆದರೆ ಪ್ರಕೃತಿಯು ನಮಗೆ ಕ್ರಿಯೆಯನ್ನು ಕೊಟ್ಟಿತೇ ಹೊರತು ಅದರ ಅಪರಿಮಿತವಾದ ಆವೃತ್ತಿಯನ್ನು ಕೊಡಲಿಲ್ಲ. ಬೇಟೆಗಾರನಾದ ಪೂರ್ವಜನು ಆಟಗಾರನಷ್ಟು ಬಾರಿ ಎಸೆದಿರಲಾರನೆಂದು ರೋಚ್ ಅವರೇ ಎಚ್ಚರಿಸಿದ್ದಾರೆ. ಅಟ್ಟಣೆಯ ಮೇಲಿನ ಹುಡುಗನು ಗಿಳಿಗಳು ಹಾರಿಹೋದೊಡನೆ ಕವಣೆಯನ್ನು ಕೆಳಗಿಡುತ್ತಾನೆ. ಕಂಸಾಳೆಯ ತೋಳು ಪದ ಮುಗಿದೊಡನೆ ವಿಶ್ರಮಿಸುತ್ತದೆ. ಆ ಕರ್ಮಗಳ ಮಿತಿಯು ಆ ಕರ್ಮಗಳೊಳಗೇ ಇದೆ. ಸ್ಪರ್ಧೆಗೆ ಅಂಥ ಅಂತರ್ಗತವಾದ ಮಿತಿಯಿಲ್ಲ. ಒಂದು ವಿಜಯದ ಬೆನ್ನಿಗೆ ಇನ್ನೊಂದು ವಿಜಯದ ಆಸೆ ಕಾದಿರುತ್ತದೆ, ಆ ಆಸೆಯಾದರೂ ಬಹುಮಟ್ಟಿಗೆ ಹುಡುಗನದಲ್ಲ.

ಮಿತಿ ತಪ್ಪಿದುದರ ಫಲವನ್ನು ಅಮೆರಿಕದವರು ಮೊದಲು ಕಂಡರು. ಚೆಂಡೆಸೆಯುವ ಬಾಲಕರ ಮೊಣಕೈಯ ಒಳಮಗ್ಗುಲಿನ ನೋವನ್ನು ಬ್ರಾಗ್ಡನ್ ಮತ್ತು ಕ್ರೋ ಎಂಬ ವೈದ್ಯರು 1960ರಲ್ಲಿ ಒಂದು ರೋಗವಾಗಿಯೇ ವರ್ಣಿಸಿ, ಬಾಲಕರ ಬೇಸ್‌ಬಾಲ್ ಸಂಸ್ಥೆಯಾದ ‘ಲಿಟ್ಲ್ ಲೀಗ್’ನ ಹೆಸರನ್ನೇ ಅದಕ್ಕಿಟ್ಟರು. ದೊಡ್ಡವರಲ್ಲಿ ಹರಿಯುವುದು ಸ್ನಾಯುಬಂಧ. ಎಳೆಯರಲ್ಲಿ ಅದಕ್ಕಿಂತ ದುರ್ಬಲವಾದುದು ಮೂಳೆಯ ಬೆಳವಣಿಗೆಯ ಪದರ, ಆದುದರಿಂದ ಅಲ್ಲಿಯೇ ಬಿರುಕು. ಮೊಣಕೈಯ ಒಳಮಗ್ಗುಲಿನಲ್ಲಿ ಆ ಪದರವು ಹದಿನೈದು ಹದಿನೇಳರ ಪ್ರಾಯದ ಸುಮಾರಿಗೆ ಮುಚ್ಚಿಕೊಳ್ಳುತ್ತದೆ, ಭುಜದಲ್ಲಿ ಇನ್ನೂ ತಡವಾಗಿ. ಮೇಲ್ತೋಳಿನ ಮೂಳೆಯ ಉದ್ದದಲ್ಲಿ ನೂರಕ್ಕೆ ಎಂಬತ್ತರಷ್ಟು ಪಾಲು ಬೆಳೆಯುವುದು ಭುಜದ ಆ ಪದರದಿಂದಲೇ. ಕಟ್ಟಕಡೆಗೆ 2007ರಿಂದ ಆ ಸಂಸ್ಥೆಯು ಎಸೆತಗಳನ್ನೇ ಎಣಿಸತೊಡಗಿತು: ಒಂಬತ್ತು ಹತ್ತು ವರ್ಷದವರಿಗೆ ದಿನಕ್ಕೆ 75, ಹನ್ನೊಂದು ಹನ್ನೆರಡರವರಿಗೆ 85, ಅದರ ಮೇಲೆ ಕಡ್ಡಾಯವಾದ ವಿಶ್ರಾಂತಿಯ ದಿನಗಳು. ಕ್ರಿಕೆಟ್ಟಿನ ವೇಗದ ಬೌಲರಾದ ತರುಣರಲ್ಲಿ ಇದೇ ಅತಿರೇಕವು ಸೊಂಟದ ಕಶೇರುಗಳನ್ನು ಬಿರಿಸುತ್ತದೆ. ಅಲ್ಲಿಯೂ ಎಳೆಯರಿಗೆ ಓವರುಗಳ ಮಿತಿ ವಿಧಿಸುವ ದೇಶಗಳುಂಟು. ನೂರಾರು ಪುಟಗಳಲ್ಲಿ ಭಂಗಿಯನ್ನು ವಿವರಿಸಿದ ನಾಗರಿಕತೆಯು ಕೊನೆಗೆ ಮಕ್ಕಳ ಕೈ ಉಳಿಸಲು ಒಂದು ಸಂಖ್ಯೆಯನ್ನು ಆಶ್ರಯಿಸಬೇಕಾಯಿತೆಂಬುದು ಚಿಂತನೀಯ. ಸಹಜತೆಯು ರೂಪಕ್ಕಿಂತ ಹೆಚ್ಚಾಗಿ ಮಿತಿಯಲ್ಲಿದೆ. ಮಿತಾಹಾರ, ಮಿತಭಾಷಣಗಳನ್ನು ಧರ್ಮದ ಅಂಗಗಳೆಂದು ಎಣಿಸಿದ ನಮ್ಮ ಪರಂಪರೆಗೆ ಇದು ಹೊಸ ಮಾತಾಗಬಾರದು.

ಇಲ್ಲಿ ಏಕಲವ್ಯನ ಕಥೆ ತಾನಾಗಿಯೇ ಎದುರಿಗೆ ಬರುತ್ತದೆ. ನಿಷಾದರಾಜನಾದ ಹಿರಣ್ಯಧನುವಿನ ಮಗನು ಕಾಡಿನಲ್ಲಿ ಮಣ್ಣಿನ ಗುರುವನ್ನು ಮುಂದಿಟ್ಟುಕೊಂಡು ತನ್ನ ತೋಳಿನ ಧರ್ಮವನ್ನು ತಾನೇ ಕಂಡುಕೊಂಡನು. ಅರ್ಜುನನಿಗಿಂತ ಮಿಗಿಲಾದವನಿರಬಾರದೆಂಬ ತನ್ನ ಮಾತನ್ನು ಉಳಿಸಿಕೊಳ್ಳಲು ದ್ರೋಣನು ಅವನ ಬಲಗೈಯ ಹೆಬ್ಬೆರಳನ್ನು ದಕ್ಷಿಣೆಯಾಗಿ ಪಡೆದನು. ಉಳಿದ ಬೆರಳುಗಳಿಂದ ಬಾಣ ಬಿಡುವುದು ಸಾಧ್ಯವಾಯಿತಾದರೂ ಮೊದಲಿನ ಶೀಘ್ರತೆ ಹೋಯಿತೆಂದು ಆದಿಪರ್ವವು ಹೇಳುತ್ತದೆ. ಶಿಷ್ಯನ ಭಕ್ತಿಯನ್ನು ಕೊಂಡಾಡುವವರು ಬಹಳ, ಗುರುವಿನ ಪಕ್ಷಪಾತವನ್ನು ನಿಂದಿಸುವವರೂ ಬಹಳ. ಆದರೆ ಬೆಳೆಯುತ್ತಿರುವ ತರುಣನು ತನ್ನ ಅಂಗವನ್ನು ಕೊಡಲು ಒಪ್ಪಿದಮಾತ್ರಕ್ಕೆ ಅದನ್ನು ಸ್ವೀಕರಿಸುವ ಅಧಿಕಾರ ಹಿರಿಯನಿಗೆ ಬಂದೀತೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ‘ನೋವಾಗುತ್ತಿದೆಯೇನೋ?’ ಎಂದರೆ ‘ಇಲ್ಲ ಸಾರ್’ ಎಂದೇ ಹುಡುಗನು ಹೇಳುತ್ತಾನೆ; ಅವನ ಶ್ರದ್ಧೆಯೇ ಅವನನ್ನು ಹಾಗೆ ಹೇಳಿಸುತ್ತದೆ. ಆ ಉತ್ತರವನ್ನು ಅನುಮತಿಯೆಂದು ಭಾವಿಸುವವನು, ಹೆಬ್ಬೆರಳಿಗೆ ಬದಲಾಗಿ ಭುಜವನ್ನು ಕೇಳುವ ದ್ರೋಣನೇ ಸರಿ. ದೇಹವನ್ನೇ ದೇಗುಲವೆಂದು ಕಂಡ ಶರಣರ ನಾಡಿನಲ್ಲಿ, ಪರರ ಮಗುವಿನ ದೇಹವು ನಮ್ಮ ವಶಕ್ಕೆ ಸ್ವಲ್ಪಕಾಲ ಬಂದಿರುವ ನ್ಯಾಸವೆಂಬ ಭಾವನೆಯಾದರೂ ಇರಬೇಡವೆ?

ಕರ್ಮಫಲದ ವಿಚಾರವೂ ಇದಕ್ಕೆ ಸಂಬಂಧಪಟ್ಟುದೇ. ಕೈಬಿಟ್ಟ ಕಲ್ಲಿನ ಮೇಲೆ ಎಸೆದವನಿಗೆ ಅಧಿಕಾರವಿಲ್ಲ, ಆದುದರಿಂದ ಫಲಾಪೇಕ್ಷೆ ಸಲ್ಲದೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಚೆಂಡು ಕೈಬಿಟ್ಟ ಮೇಲೂ ತೋಳಿನ ಕೆಲಸ ಮುಗಿದಿರುವುದಿಲ್ಲ. ಅಷ್ಟು ವೇಗದಿಂದ ಹೋಗುತ್ತಿರುವ ತೋಳನ್ನು ಮೆಲ್ಲಗೆ ನಿಲ್ಲಿಸುವ ಭಾರವು ಭುಜದ ಹಿಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ಮೈಬಾಗಿಸಿ, ತೋಳನ್ನು ಎದುರು ಮಂಡಿಯ ಕಡೆಗೆ ಇಳಿಯಬಿಟ್ಟು, ಆ ವೇಗವನ್ನು ಸಮಸ್ತ ಶರೀರಕ್ಕೂ ಹಂಚಿದವನ ಭುಜ ಉಳಿಯುತ್ತದೆ. ಬಿಟ್ಟೊಡನೆ ಬಿಗಿದು ನಿಂತವನದು ಕೆಡುತ್ತದೆ. ಫಲವನ್ನು ತ್ಯಜಿಸುವುದೆಂದರೆ ಕರ್ಮದ ಉತ್ತರಭಾಗವನ್ನು ಉಪೇಕ್ಷಿಸುವುದಲ್ಲವೆಂದು ಈ ದೇಹಧರ್ಮವು ಬೋಧಿಸುತ್ತದೆ. ಗೆಲುವಿನ ಸುದ್ದಿ ಊರಿಗೆ ಮುಟ್ಟಿದ ಮೇಲೆಯೂ ಹುಡುಗನ ತೋಳಿನ ಯೋಗಕ್ಷೇಮವನ್ನು ವಿಚಾರಿಸುವುದು ಗುರುವಿನ ಕರ್ಮದ ಶೇಷಭಾಗವೇ ಆಗಿದೆ.

ಹೀಗೆ ವಿಚಾರಿಸಿದರೆ, ಸ್ವಭಾವವಾದಿಯ ಮಾತಿನಲ್ಲಿಯೂ ಸಂಸ್ಕಾರವಾದಿಯ ಮಾತಿನಲ್ಲಿಯೂ ಸತ್ಯಾಂಶವಿದ್ದು, ಎರಡೂ ಮರೆತುದು ಮಿತಿಯನ್ನು ಎಂದು ನಿರ್ಣಯಿಸಬೇಕಾಗುತ್ತದೆ. ತೋಳಿನ ಬೀಸು ಹುಡುಗನದು. ಅದರ ತಡೆಗಳನ್ನು ತೆಗೆಯುವ ಕೆಲಸ ಗುರುವಿನದು. ಸಾಕೆಂದು ಹೇಳುವ ಹೊಣೆ ಇಬ್ಬರಲ್ಲಿ ಹಿರಿಯನದು. ರಾಮಾಪುರದ, ಕೌದಳ್ಳಿಯ, ಹನೂರಿನ ಶಾಲೆಗಳಲ್ಲಿ ಮಕ್ಕಳ ಕೈಗೆ ಚೆಂಡು ಕೊಡುವ ಉಪಾಧ್ಯಾಯರಲ್ಲಿಯೂ, ಮಗನ ವೇಗವನ್ನು ಕಂಡು ಹಿಗ್ಗುವ ತಂದೆತಾಯಿಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ: ಅವನ ಕೈಗೆ ಒಪ್ಪುವ ಭಾರದ ಚೆಂಡನ್ನು ಕೊಡಿ; ಅವನ ಸಹಜವಾದ ಬೀಸು ನೋವಿಲ್ಲದೆ ನಡೆಯುತ್ತಿರುವವರೆಗೆ ಅದನ್ನು ತಿದ್ದಲು ಅವಸರಪಡಬೇಡಿ; ಎಸೆತಗಳನ್ನು ಎಣಿಸಿ; ನೋವೆಂದ ದಿನ ಚೆಂಡನ್ನು ಕಸಿದುಕೊಂಡು ವೈದ್ಯರಲ್ಲಿಗೆ ಕಳುಹಿಸಿ; ವರ್ಷದಲ್ಲಿ ಕೆಲವು ತಿಂಗಳು ಅವನು ಎಸೆಯುವುದನ್ನೇ ಬಿಟ್ಟು ಓಡಲಿ, ಈಜಲಿ, ಬೇರೆ ಆಟವಾಡಲಿ. ಇಷ್ಟು ಮಾಡಿಯೂ ಅವನು ದೊಡ್ಡ ಆಟಗಾರನಾಗದೆ ಹೋದರೆ ನಷ್ಟವೇನೂ ಇಲ್ಲ; ನಲವತ್ತರ ವಯಸ್ಸಿನಲ್ಲಿ ನೋವಿಲ್ಲದೆ ನೇಗಿಲು ಹಿಡಿಯಬಲ್ಲ, ಕಂಸಾಳೆ ಬೀಸಬಲ್ಲ ತೋಳೊಂದು ಅವನಿಗೆ ಉಳಿದಿರುತ್ತದೆ.